ಪದ್ಮಲದೇವಿಯ ಕಾಲ ಕೆಳಗಿನ ನೆಲ

"ಕೇಳ್ರಪ್ಪೋ ಕೇಳ್ರಿ! ಹೊಳೆಗೆ ಹೊಸ ಒಡ್ಡು ಕಟ್ಟುವ ಮೊದಲು ನೆಲ ನೋಡಿ ಹೇಳುವವರು ಅರಮನೆಗೆ ಬೇಕಾಗಿದ್ದಾರೆ. ರಾಜಕುಮಾರಿ ಪದ್ಮಲದೇವಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರ ಮಾತಿಲ್ಲದೆ ಈ ನಾಡಿನಲ್ಲಿ ಒಂದು ಗೋಡೆಯೂ ಏಳದು. ತಪ್ಪು ಹೇಳಿದವರ ತಲೆ ಹುಣ್ಣಿಮೆಯ ದಿನ ಉರುಳುವುದು!"

ಡಂಗುರದವನು ಹೀಗೆ ಸಾರಿಕೊಂಡು ಹೋಗುವಾಗ ಮಾಳವ್ವ ನೆಲಕ್ಕೆ ಕಿವಿಯಿಟ್ಟು ಮಲಗಿದ್ದಳು. ಬಾವಿ ತೋಡುವವರ ಮನೆಯ ಹುಡುಗಿ. ಗುದ್ದಲಿ ಹಾಕುವ ಮೊದಲು ಆ ಜಾಗದಲ್ಲಿ ಒಂದು ಮಧ್ಯಾಹ್ನ ಮಲಗಿ ಏಳಬೇಕೆಂಬುದು ಅವರ ಮನೆತನದ ಪದ್ಧತಿ. ಉಳಿದವರು ಶಾಸ್ತ್ರಕ್ಕೆ ಒಂದು ಮಗ್ಗುಲು ಹೊರಳಿ ಏಳುತ್ತಿದ್ದರು. ಮಾಳವ್ವನಿಗೆ ಮಾತ್ರ ನಿಜವಾಗಿ ನಿದ್ದೆ ಹತ್ತುತ್ತಿತ್ತು. ಕನಸಿನಲ್ಲಿ ಅವಳು ನೆಲದೊಳಗೆ ಇಳಿಯುತ್ತಿದ್ದಳು. ಕೆಂಪು ಮಣ್ಣು ದಾಟಿ, ತಣ್ಣನೆಯ ಮರಳು ದಾಟಿ, ಮಿಣಮಿಣ ಹೊಳೆಯುವ ಕಲ್ಲಿನ ಪದರಗಳ ನಡುವೆ ತೇಲಿಕೊಂಡು ಹೋಗುತ್ತಿದ್ದಳು. ಎದ್ದಮೇಲೆ ತೋಡಿ ನೋಡುತ್ತಿದ್ದಳು. ಒಮ್ಮೊಮ್ಮೆ ಕನಸು ನಿಜವಾಗುತ್ತಿತ್ತು, ಒಮ್ಮೊಮ್ಮೆ ಶುದ್ಧ ಸುಳ್ಳಾಗುತ್ತಿತ್ತು.

"ಯವ್ವಾ, ನಾ ಹೋಗ್ತೀನಿ," ಎಂದಳು ಮಾಳವ್ವ. "ಕಟ್ಟೂಕಿಂತ ಮೊದಲ ನೆಲದ ಮಾತು ಕೇಳೂ ಕೆಲಸ ಅದು. ನನಗ ಬ್ಯಾರೆ ಯಾವ ಕೆಲಸಾನೂ ಬ್ಯಾಡ."

"ಬಿದ್ಕೊಂಡು ಗೊರಕಿ ಹೊಡಿಯೂದಕ್ಕ ಅರಮನಿ ನೌಕರಿ ಕೊಡ್ತಾರೇನ?" ಎಂದು ತಾಯಿ ರೇಗಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಬುತ್ತಿ ಕಟ್ಟಿಕೊಟ್ಟಳು.

ರಾಜಕುಮಾರಿ ಒಗಟು ಕೇಳುತ್ತಿದ್ದದ್ದು ಅರಮನೆಯಲ್ಲಲ್ಲ, ಬತ್ತಿದ ಹೊಳೆಯ ಪಾತ್ರದಲ್ಲಿ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಆ ಬಿಳುಪಿನಲ್ಲಿ ಪದ್ಮಲದೇವಿ ನಿಂತಿದ್ದಳು. ಅವಳಿಗೆ ಕಾಲುಗಳೇ ಇಲ್ಲವೇನೋ, ಮಂಜಿನ ಮೇಲೆ ಕೂತಿದ್ದಾಳೇನೋ ಎಂದು ಮಾಳವ್ವನಿಗೆ ಅನ್ನಿಸಿತು. ಪಕ್ಕದಲ್ಲಿ ಅವಳ ಅಪ್ಪ ಅರಸ ಬಿಜ್ಜರಸ, ಅವನ ಹಿಂದೆ ಕತ್ತಿ ಹಿಡಿದ ಭಟ.

"ನೋಡಿದರೆ ಬೆಟ್ಟದ ಮಗ," ಎಂದಳು ರಾಜಕುಮಾರಿ. "ಗುದ್ದಲಿ ತಾಗಿದರೆ ಖಣ್ಣೆನ್ನುತ್ತಾನೆ. ಆನೆ ನೂಕಿದರೂ ಅಲುಗುವುದಿಲ್ಲ. ಆದರೆ ಅವನಿಗೆ ಬೇರಿಲ್ಲ, ನಂಬಿ ಮನೆ ಕಟ್ಟಿದವನಿಗೆ ಮನೆಯೇ ಇಲ್ಲ. ಯಾರವನು?"

ಮುಂದೆ ನಿಂತಿದ್ದ ನೆರೆನಾಡಿನ ರಾಜಕುಮಾರ ಮೀಸೆ ತಿರುವಿ, "ಸಿಂಹಾಸನ!" ಎಂದ. ಬಿಜ್ಜರಸನ ಹುಬ್ಬು ಗಂಟಾಯಿತು. ಹುಣ್ಣಿಮೆಯವರೆಗೆ ಕೂಡಿಹಾಕಲು ರಾಜಕುಮಾರನನ್ನು ದಂಡೆಯ ಗವಿಗೆ ದಬ್ಬಿದರು.

ಅವನ ಹಿಂದಿದ್ದ ಜೋಯಿಸರು ಮೊದಲನೆಯದನ್ನು ಹೇಗೋ ಬಿಡಿಸಿ ರಾಜಕುಮಾರಿಯ ಕಿವಿಯಲ್ಲಿ ಉಸುರಿದರು. ಎರಡನೆಯದು ಬಂತು. "ಬೇಸಿಗೆಯಲ್ಲಿ ಮೈಯೆಲ್ಲ ಬಾಯಿ ಬಿಟ್ಟು ನೀರು ಕೇಳುತ್ತಾಳೆ. ಕುಡಿದರೆ ಉಬ್ಬಿ, ಹೆಗಲ ಮೇಲಿನ ಹೊರೆಯನ್ನು ಎತ್ತಿ ಒಗೆಯುತ್ತಾಳೆ. ಜೋಳಕ್ಕೆ ತಾಯಿ, ಗೋಡೆಗೆ ಮಾರಿ. ಯಾರವಳು?"

"ನಮ್ಮತ್ತೆ," ಎಂದುಬಿಟ್ಟರು ಜೋಯಿಸರು. ಭಟನಿಗೂ ನಗು ತಡೆಯಲಾಗಲಿಲ್ಲ. ಆದರೂ ಗವಿ ತಪ್ಪಲಿಲ್ಲ.

ಆವರೆಗೆ ಕಿವಿಯಲ್ಲೇ ಉಸುರಿ ಎರಡನ್ನೂ ಬಿಡಿಸಿದವನು ವಜ್ರದ ವ್ಯಾಪಾರಿಯೊಬ್ಬನೇ. ರಾಜಕುಮಾರಿ ಅವನಿಗೆ ಮೂರನೆಯದನ್ನು ಕೇಳಿದಳು. "ಒಡ್ಡು ಏಳಬೇಕಾದ್ದು ಇಲ್ಲೇ, ನಾನು ನಿಂತಲ್ಲೇ. ನನ್ನ ಕಾಲ ಕೆಳಗೆ, ಬಾವಿಯಷ್ಟು ಆಳದಲ್ಲಿ ಏನಿದೆ?"

"ವಜ್ರ! ಪರಮ ಗಟ್ಟಿ!" ಎಂದ ವ್ಯಾಪಾರಿ. ರಾಜಕುಮಾರಿ ಅಲ್ಲವೆಂದು ತಲೆಯಾಡಿಸಿದಳು. ಅವನೂ ಗವಿ ಸೇರಿದ.

ಮಾಳವ್ವನ ಸರದಿ ಬಂತು. ಮೊದಲನೆಯದಕ್ಕೆ, "ಮಣ್ಣಾಗ ಹುಗಿದ ಗುಂಡುಕಲ್ಲು ರೀ," ಎಂದಳು. "ಮ್ಯಾಲಿಂದ ನೋಡಿದ್ರ ಹಾಸುಬಂಡೀನ ಅನಸತೈತಿ. ಕೆಳಗ ಬರೇ ಮಣ್ಣು. ನೀರು ಆ ಮಣ್ಣು ತೊಳದ್ರ ಉರುಳತೈತಿ." ಎರಡನೆಯದಕ್ಕೆ, "ಎರೆಮಣ್ಣು. ಒಣಗಿದ್ರ ಬಿರೀತೈತಿ, ನೆನೆದ್ರ ಉಬ್ಬತೈತಿ. ಬೆಳಿಗೆ ಚಲೋ, ಪಾಯಕ್ಕ ಬ್ಯಾಡ."

ಇನ್ನು ಮೂರನೆಯದು. ಮಾಳವ್ವ ಅಪ್ಪಣೆ ಕೇಳಿ ರಾಜಕುಮಾರಿಯ ಪಾದದ ಬಳಿ ಮಲಗಿ ಮರಳಿಗೆ ಕಿವಿಯಿಟ್ಟಳು. ಮಂಜು ಅವಳ ಮೇಲೆ ಹೊದಿಕೆಯಂತೆ ಹರಡಿತು, ಕಣ್ಣು ಎಳೆಯಿತು. ಕನಸಿನಲ್ಲಿ ಇಳಿದಳು, ಇಳಿದಳು. ತಳದಲ್ಲಿ ನೀಲಿ ಬಂಡೆ, ಅದರ ಮೇಲೆ ಕೆನ್ನೆಯಿಟ್ಟರೆ ಎಷ್ಟು ಹಿತ! ಎಚ್ಚರವಾದಾಗ ಬಂಡೆ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದರೆ ತಲೆ ಉಳಿದೀತು ಎಂಬ ಆಸೆಯೂ ಬಂದಿತ್ತು. ಆದರೆ ತನ್ನ ಕನಸುಗಳ ಬಗ್ಗೆ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಗೊತ್ತಿಲ್ರೀ ತಾಯಿ," ಎಂದಳು. "ತೋಡಿ ನೋಡಬೇಕು."

ಭಟ ಅವಳನ್ನು ಗವಿಗೆ ಎಳೆಯಲು ಕೈ ಚಾಚಿದ. ಪದ್ಮಲದೇವಿ ಅವನ ಕೈ ಹಿಡಿದಳು. ಅವಳ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು.

"ಅದೇ ಉತ್ತರ," ಎಂದಳು. "ಹಿಂದಿನ ಒಡ್ಡು ಕಟ್ಟುವಾಗ ನೆಲ ನೋಡಿದವನಿಗೂ ಗೊತ್ತಿರಲಿಲ್ಲ. ಅಪ್ಪನ ಸಿಟ್ಟಿಗೆ ಹೆದರಿ ಬಂಡೆ ಇದೆ ಎಂದ. ಅದು ಗುಂಡುಕಲ್ಲಾಗಿತ್ತು. ಮೊದಲ ಮಳೆಗೇ ಒಡ್ಡು ಜಾರಿತು. ಅದರ ಮೇಲೆ ನಿಂತಿದ್ದ ನನ್ನ ತಮ್ಮ ಮತ್ತೆ ಬರಲೇ ಇಲ್ಲ."

ಬಿಜ್ಜರಸ ಭಟನಿಗೆ ಹಿಂದೆ ಸರಿಯಲು ಸನ್ನೆ ಮಾಡಿದ. ಆಮೇಲೆ ಮಾಳವ್ವನನ್ನು ಕೇಳಿದ, "ನಿನಗೆ ಹೆದರಿಕೆಯಾಗಲಿಲ್ಲವೇನವ್ವ?"

"ಹೆದರಿಕಿ ಇನ್ನೂ ಐತ್ರಿ ದೊರಿ. ಆದ್ರ ಸುಳ್ಳು ಹೇಳಿದ್ರ ನನ್ನ ತಲಿ ಒಂದ ಉಳೀತಿತ್ತು. ಒಡ್ಡಿನ ಕೆಳಗಿನ ಊರು?"

ಅರಸ ತನ್ನ ಮುದ್ರೆಯುಂಗುರವನ್ನು ಅವಳ ಬೆರಳಿಗೆ ಹಾಕಿದ. ಇನ್ನೇನು ಬೇಕೋ ಕೇಳು ಎಂದ. ಮಾಳವ್ವ ಗವಿಯ ಕಡೆ ನೋಡಿದಳು. "ತೋಡಾಕ ಆಳು ಬೇಕ್ರಿ. ಆ ಮೂರೂ ಮಂದಿಗೆ ತಲಿ ಜೋಡಿ ಕೈನೂ ಅದಾವಲ್ಲ."

ಹೀಗೆ ರಾಜಕುಮಾರ ಗುದ್ದಲಿ ಹಿಡಿದ, ಜೋಯಿಸರು ಬುಟ್ಟಿ ಹೊತ್ತರು, ವಜ್ರದ ವ್ಯಾಪಾರಿ ಹಗ್ಗ ಎಳೆದ. ಗುಂಡಿ ಆಳವಾಗುತ್ತ ಹೋಯಿತು. ಒಂದು ಮಧ್ಯಾಹ್ನ ಬಿಜ್ಜರಸ ಕೊಡೆಯನ್ನೂ ಬಿಟ್ಟು ಬಂದು ಗುಂಡಿಯೊಳಗೆ ಇಣುಕಿದ.

"ಏನು ಸಿಕ್ಕಿತವ್ವ?"

"ಇನ್ನೂ ಗೊತ್ತಿಲ್ರೀ!" ಎಂಬ ದನಿ ಆಳದಿಂದ ಮೇಲೆ ಬಂತು.

ಯಾರಿಗೂ ಯಾವತ್ತೂ ಕಾಯದಿದ್ದ ಅರಸ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತು ಕಾದ.