ಕಳ್ಳ ಮುರಿಯದ ಬೀಗ

"ಕೇಳ್ರಪ್ಪೋ ಕೇಳಿ! ಕರಿಕೋಟೆಯ ಮಹಾರಾಣಿಯವರ ಅಪ್ಪಣೆ! ಅರಮನೆಯ ಬ್ಲಾಗಿಗೆ ಕಾವಲುಗಾರ ಬೇಕು. ರಾಣಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಕಾವಲಿನ ಪದವಿ, ಮೇಲೆ ಬೇಡಿದ್ದೊಂದು ವರ. ಒಂದರಲ್ಲಿ ತಪ್ಪಿದರೂ ತಲೆ ಕೋಟೆ ಬಾಗಿಲ ಮೇಲೆ!"

ಡಂಗುರದವನು ಊರೂರು ಸುತ್ತಿ ಕೂಗಿದ. ಮೊಬೈಲಿನಲ್ಲಿ ಬಂದ ಅಪ್ಪಣೆಯನ್ನು ಆ ಸೀಮೆಯಲ್ಲಿ ಈಗ ಯಾರೂ ನಂಬುತ್ತಿರಲಿಲ್ಲ. ನಂಬಿ ಕೆಟ್ಟವರು ಅವರು. ಹಿಂದಿನ ಸುಗ್ಗಿಯಲ್ಲಿ ರಾಣಿಯ ಬ್ಲಾಗಿನಲ್ಲಿ, ರಾಣಿಯದೇ ಹೆಸರಲ್ಲಿ, "ನೆಂಟರು ಬರುತ್ತಿದ್ದಾರೆ, ಕೋಟೆ ಬಾಗಿಲು ತೆರೆಯಿರಿ" ಎಂದು ಬಂದಿತ್ತು. ಕಾವಲಿನವರು ತೆರೆದರು. ಬಂದವರು ಶತ್ರುಗಳು. ಅವರನ್ನು ಹಿಮ್ಮೆಟ್ಟಿಸುವಷ್ಟರಲ್ಲಿ ದೊರೆ ಹೆಣವಾಗಿದ್ದ. ರಾಣಿಯ ಕೋಣೆ ಗುಡಿಸುವ ಮಾಳವ್ವನೇ ಗುಟ್ಟು ಮಾರಿದಳೆಂದು ಮಂತ್ರಿ ಅವಳನ್ನು ನೆಲಮಾಳಿಗೆಗೆ ತಳ್ಳಿದ. ಬರುವ ಅಮಾವಾಸ್ಯೆಗೆ ಅವಳಿಗೆ ಶೂಲ.

ಮಾಳವ್ವನ ತಮ್ಮ ಓಬಳೇಶ. ಕುರಿ ಕಾಯುವವನು, ಬಾಯಿ ಮಾತ್ರ ಭಾರಿ. ಕುರುಬರ ಹಟ್ಟಿಗಳಿಗೆಲ್ಲ ಒಂದು ಬ್ಲಾಗು ಕಟ್ಟಿ, ತಪ್ಪಿಸಿಕೊಂಡ ಕುರಿಗಳ ಸುದ್ದಿ ಹಾಕುತ್ತಿದ್ದ. "ಈ ಸೀಮೆಯಲ್ಲಿ ನನ್ನನ್ನು ಮೀರಿಸೋ ಗಂಡು ಹುಟ್ಟಿಲ್ಲ" ಎಂದು ಹೆಗಲಿಗೆ ಕಂಬಳಿ ಎಸೆದುಕೊಂಡು ಕರಿಕೋಟೆಗೆ ಹೊರಟ. ಕೋಟೆ ಬಾಗಿಲ ಮೇಲಿನ ತಲೆಗಳನ್ನು ನೋಡಿದ ಮೇಲೆ ಆ ಮಾತು ಮತ್ತೆ ಬಾಯಿಗೆ ಬರಲಿಲ್ಲ.

ಆಸ್ಥಾನದಲ್ಲಿ ಕಿಟಕಿಗಳಿಗೆಲ್ಲ ಕರಿ ಪರದೆ. ರಾಣಿ ಬಿಳಿ ಸೀರೆಯಲ್ಲಿ ಕುಳಿತಿದ್ದಳು. ಓಬಳೇಶನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಇಬ್ಬರಿಗೂ ರಾಣಿ ಒಂದೇ ಮೊದಲ ಒಗಟು ಹಾಕಿದಳು.

"ನನ್ನ ಬಾಯಿಂದ ಎಂದೂ ಹೊರಬರದ್ದು ಒಂದಿತ್ತು. ಬಾಯಿಂದ ಬರದ್ದು ಗುಟ್ಟಲ್ಲವೇ ಎಂದು ಅದನ್ನೇ ಬೀಗ ಮಾಡಿ ಬಾಗಿಲಿಗೆ ಹಾಕಿದೆ. ಕಳ್ಳ ಬೀಗ ಮುರಿಯಲಿಲ್ಲ, ಒಳಗೆ ಬಂದೇ ಬಿಟ್ಟ. ಏನದು?"

ದಂಡನಾಯಕನ ಮಗ ಮೀಸೆ ತೀಡಿ, "ಅಳು! ರಾಣಿಯರು ಅಳುವುದಿಲ್ಲ" ಎಂದ.

"ನಾನು ಅತ್ತಿದ್ದೇನೆ. ಕರೆದುಕೊಂಡು ಹೋಗಿ."

ಶೇಷಭಟ್ಟರು ದೊಡ್ಡ ಪಂಡಿತರು. ಕಣ್ಣು ಮುಚ್ಚಿ ಯೋಚಿಸಿ, "ಮೌನ, ಮಹಾರಾಣಿ. ಮೌನವೇ ಬೀಗ" ಎಂದರು. ಸಭೆಯೆಲ್ಲ ತಲೆದೂಗಿತು.

"ಮೌನದಿಂದ ಕಳ್ಳ ಬಾಗಿಲು ಹೇಗೆ ತೆರೆದ, ಆಚಾರ್ಯರೇ?"

ಭಟ್ಟರು ಬಾಯಿ ತೆರೆದರು. ಅಷ್ಟರಲ್ಲಿ ಆಳುಗಳು ಬಂದು ಅವರನ್ನು ತಲೆ ಕಡಿಯಲು ಎಳೆದೊಯ್ದರು.

"ಕುರಿ ತಾನಾಗಿ ಕಟುಕನ ಮನೆಗೆ ಬಂದಿದೆ" ಎಂದು ಮಂತ್ರಿ ನಕ್ಕ. ಓಬಳೇಶನ ಸರದಿ, ಒಗಟು ಅದೇ. ಅವನು ಮಂತ್ರಿಯತ್ತ ನೋಡದೆ ರಾಣಿಗೆ ಹೇಳಿದ.

"ತಾಯಿ, ಗಂಡನ ಹೆಸರು."

ಅವನೇ ಮುಂದುವರಿಸಿದ.

"ನಮ್ಮ ಸೀಮೆ ಹೆಣ್ಮಕ್ಕಳು ಗಂಡನ ಹೆಸರು ಹೇಳಲ್ಲ. ಹೇಳದ್ದು ಯಾರಿಗೂ ಗೊತ್ತಾಗಲ್ಲ ಅಂತ ಅದನ್ನೇ ಪಾಸ್‌ವರ್ಡ್ ಮಾಡ್ಕೊಂಡಿದ್ದಾರೆ. ನೀವು ಹೇಳದಿದ್ದರೇನು, ದೊರೆಗಳ ಹೆಸರು ಕೆರೆ ಏರಿ ಕಲ್ಲಿನ ಮೇಲೂ ಇದೆ. ನಾನು ನನ್ನ ಟಗರಿನ ಹೆಸರಿಟ್ಟು, ಅದನ್ನ ಊರೆಲ್ಲ ಮೆರೆಸಿ, ಹೀಗೇ ಮೋಸ ಹೋದೆ. ಶತ್ರು ಹೆಸರು ಒತ್ತಿದ, ಬಾಗಿಲು ತೆರೀತು. ಗುಟ್ಟು ಯಾರೂ ಮಾರಿಲ್ಲ ತಾಯಿ, ಮಾರೋಕೆ ಗುಟ್ಟೇ ಇರಲಿಲ್ಲ."

ರಾಣಿ ಹುಟ್ಟಿದಾರಭ್ಯ ಮೊದಲ ಸಲ, "ಮಲ್ಲಭೂಪ" ಎಂದಳು. ಯಾರನ್ನೋ ಒಳಕೋಣೆಯಿಂದ ಕರೆದ ಹಾಗಿತ್ತು. ಯಾರೂ ಓಗೊಡಲಿಲ್ಲ.

"ಎರಡನೆಯದು" ಎಂದಳು. "ಕೊಟ್ಟವನಿಗೆ ಕಮ್ಮಿಯಾಗದು, ಪಡೆದವನು ಬೆಲೆ ತೆರಬೇಕಿಲ್ಲ. ಅದರ ಹೊಟ್ಟೆ ಬಿಚ್ಚಿ ನೋಡಬಹುದು, ಕೆಟ್ಟದ್ದನ್ನು ರಿಪೇರಿ ಮಾಡಿ ನೆರೆಯವನಿಗೂ ಹಂಚಬಹುದು. ನನ್ನ ಮನೆ ಕಟ್ಟಿದ್ದು ಅದರಿಂದಲೇ. ಪುಕ್ಕಟೆಯದಾದ್ದರಿಂದ ಕಳ್ಳ ನುಗ್ಗಿದ ಎನ್ನುತ್ತಾನೆ ಮಂತ್ರಿ. ಅದು ಯಾವುದು? ತಪ್ಪು ಅದರದೇ?"

"ವಿದ್ಯೆ, ವಿದ್ಯೆ" ಎಂದು ಸಭೆಯೆಲ್ಲ ಗುಜುಗುಜು. ಓಬಳೇಶನ ನಾಲಿಗೆಯ ತುದಿಗೂ ಅದೇ ಬಂತು. ನುಂಗಿಕೊಂಡ. ವಿದ್ಯೆಯಿಂದ ಯಾರು ಮನೆ ಕಟ್ಟಿ ಬಾಗಿಲಿಡುತ್ತಾರೆ?

"ಬ್ಲಾಗು ಕಟ್ಟೋ ಸ್ವತಂತ್ರ ತಂತ್ರಾಂಶ, ತಾಯಿ. ನನ್ನ ಕುರಿ ಬ್ಲಾಗು ನಡೆಯೋದೂ ಅದರಲ್ಲೇ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಸಾವಿರ ಜನ ಬಿಚ್ಚಿ ನೋಡ್ತಾರೆ, ತೂತು ಕಂಡರೆ ಮುಚ್ಚಿ ಎಲ್ಲರಿಗೂ ಕೊಡ್ತಾರೆ. ಗೋಡೆ ಗಟ್ಟಿಯೇ ಇತ್ತು. ಬೀಗದ ಕೈ ಹೊಸಿಲ ಮೇಲಿದ್ದರೆ ಗೋಡೆ ಏನು ಮಾಡೀತು?"

ಮಂತ್ರಿ ಈಗ ನಗಲಿಲ್ಲ.

"ಕೊನೆಯದು. ಕಳ್ಳ ಹೋಗುವಾಗ ನನ್ನ ಮನೆಗೆ ಬೆಂಕಿ ಇಟ್ಟ. ಮದುವೆಯಾದಾಗಿನಿಂದ ನನ್ನವರ ಬಗ್ಗೆ ಬರೆದದ್ದೆಲ್ಲ ಹೋಯಿತು. ಕೆಲವರ ಮನೆ ಸುಟ್ಟರೂ ಮರುದಿನ ಅದೇ ಗೋಡೆ, ಅದೇ ಹೊಸಿಲು ಎದ್ದು ನಿಲ್ಲುತ್ತದೆ. ಅವರ ಬಳಿ ಏನಿರುತ್ತದೆ?"

ಓಬಳೇಶನಿಗೆ ಉತ್ತರ ಗೊತ್ತಿತ್ತು. ಅವಳ ಮುಖ ನೋಡಿಕೊಂಡು ಹೇಳುವುದೇ ಕಷ್ಟವಾಯಿತು. "ನಕಲು, ತಾಯಿ. ಬರೆದದ್ದನ್ನೆಲ್ಲ ಇನ್ನೊಂದು ಕಡೆಯೂ ತೆಗೆದಿಟ್ಟಿರ್ತಾರೆ. ನಿಮ್ಮದು... ಎಲ್ಲಾದರೂ ಇದೆಯಾ?"

"ಇಲ್ಲ" ಎಂದಳು ರಾಣಿ. "ನೀನು ಗೆದ್ದೆ. ಏನು ಬೇಕು ಕೇಳು."

"ನನ್ನ ಅಕ್ಕ, ಮಾಳವ್ವ."

ಮಾಳವ್ವನನ್ನು ಕರೆತಂದರು. ಬೆಳಕಿಗೆ ಕಣ್ಣು ಬಿಡಲಾರದೆ ಅವಳು ತಮ್ಮನ ಮುಖವನ್ನು ಕೈಯಿಂದ ಸವರಿ ಗುರುತು ಹಿಡಿದಳು. ರಾಣಿ ತನ್ನ ಕೈಯ ಮುದ್ರೆಯುಂಗುರವನ್ನೇ ಓಬಳೇಶನ ಬೆರಳಿಗೆ ತೊಡಿಸಿ, "ಹೊಸ ಗುಟ್ಟಿನ ಪದ ಹೇಳಲೇ?" ಎಂದಳು.

"ನನಗೂ ಹೇಳಬೇಡಿ ತಾಯಿ."

ಅಕ್ಕನನ್ನು ಹಟ್ಟಿಗೆ ಕಳಿಸಿ, ಹೊಸ ಕಾವಲುಗಾರ ಮನೆಮನೆಗೆ ಹೊರಟ. ಪಾಸ್‌ವರ್ಡಿನಿಂದ ಗಂಡನ ಹೆಸರು ತೆಗೆಯಿರಿ ಎಂದು ಬಾಗಿಲು ಬಾಗಿಲಿಗೆ ಹೇಳಬೇಕಿತ್ತು. ಮೊದಲ ಬೀದಿಯಲ್ಲೇ ಶೇಷಭಟ್ಟರ ಮನೆ. ಅವರ ಹೆಂಡತಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು, ಹಣೆ ಬರಿದಾಗಿತ್ತು. ಓಬಳೇಶ ತಲೆ ತಗ್ಗಿಸಿ ಎಲ್ಲ ಹೇಳಿದ.

"ನನ್ನದೂ ಅವರದೇ ಹೆಸರು" ಎಂದಳು ಅವಳು. "ದಿನಾ ಬೆಳಿಗ್ಗೆ ಒತ್ತುತ್ತೇನೆ. ಅದೊಂದನ್ನಾದರೂ ಬಿಡಪ್ಪಾ. ಕಳ್ಳ ಬಂದರೆ ಇಲ್ಲೇನಿದೆ ಒಯ್ಯೋಕೆ?"

ಮೂರು ಒಗಟು ಬಿಡಿಸಿದ ಹೈದ ಅವಳ ಹೊಸಿಲಲ್ಲಿ ರಾಣಿಯ ಉಂಗುರ ತಿರುವುತ್ತ ನಿಂತೇ ಇದ್ದ.