ಹುಣಸೆ ತೋಪಿನ ಬಾಣಂತಿಯರು

ಚೈತ್ರ ಬಹುಳ ಪಂಚಮಿ. ಎಲೆ ಅಲುಗದ ಸೆಕೆ. ಮರಳಕೋಟೆಯ ಬಾಗಿಲಲ್ಲಿ ಡಂಗುರ ಬಿತ್ತು: "ಮಹಾರಾಜರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನ ತಲೆ ಉಳಿಯದು!"

ಬೆಸ್ತರ ಕರಿಗಂಗ ಬೆಳಗಿನಿಂದ ಅಲ್ಲೇ ಕೂತಿದ್ದ. ಅರಮನೆಯ ಸುಣ್ಣದ ಗೂಡಿಗೆ ಸೌದೆ ಬೇಕೆಂದು ಅವನೂರಿನ ಹುಣಸೆ ತೋಪು ಕಡಿಯಲು ಆಳುಗಳು ಹೊರಟಾಗಿತ್ತು. ಮರದ ತುಂಬ ಕೊಕ್ಕರೆ ಗೂಡು, ಗೂಡಿನ ತುಂಬ ಮರಿ. ಅವನ ಅಹವಾಲು ಯಾರೂ ಕೇಳಲಿಲ್ಲ. ಉಳಿದದ್ದು ಒಗಟು. ಒಳಗೆ ಹೋದ.

ಅವನಿಗಿಂತ ಮುಂದೆ ಇಬ್ಬರಿದ್ದರು.

"ಹನ್ನೆರಡು ವರ್ಷ ಅಡಗಿದ್ದು, ಒಮ್ಮೆ ಬೆಟ್ಟಕ್ಕೆಲ್ಲ ನೀಲಿ ಸೀರೆ ಉಡಿಸಿ ಸಾಯುವವಳು ಯಾರು?" ಎಂದ ರಾಜ.

ಪಾಳೆಯಗಾರನ ಮಗ ನಕ್ಕ. "ಇಷ್ಟೇನಾ? ಮೋಡ!"

ನಗುತ್ತಿದ್ದವನನ್ನು ಹಾಗೇ ಹೊರಗೆ ಒಯ್ದರು.

ಮುಂದಿನವನಿಗೆ ಎರಡನೆಯದು: "ವರ್ಷವರ್ಷ ಬಂದು ಅಂಗಳ ಹೊಲಸು ಮಾಡಿಯೂ ಬೈಸಿಕೊಳ್ಳದವಳು ಯಾರು?"

"ಹೊಳೆಯ ನೆರೆ, ಪ್ರಭು," ಎಂದ ರತ್ನದ ವ್ಯಾಪಾರಿ. ಅವನೂ ಹೋದ.

"ಮೀನು ನಾತದವನೇ, ದೂರ ನಿಂತು ಎರಡಕ್ಕೂ ಉತ್ತರ ಹೇಳು," ಎಂದ ಕಾವಲಿನವನು.

"ಮೊದಲನೆಯವಳು ಗುರಿಗೆ ಹೂವು, ಬುದ್ಧಿ," ಎಂದ ಗಂಗ. "ಕುರಿಂಜಿ ಅಂತಾರಲ್ಲ, ಅದೇ. ಎರಡನೆಯವಳು ಕೊಕ್ಕರೆ. ನಮ್ಮೂರಿಗೆ ಅದು ಹೆರಿಗೆಗೆ ಬಂದ ಮಗಳು. ಅದರ ಹಿಕ್ಕೆಯೇ ನಮ್ಮ ಗದ್ದೆಗೆ ಗೊಬ್ಬರ. ಗೂಡಿರೋವರೆಗೂ ಮರದಡಿ ಯಾರೂ ದನಿ ಎತ್ತಲ್ಲ."

"ಮೂರನೆಯದು: ಇಬ್ಬರಲ್ಲಿ ಅಪರೂಪ ಯಾರು?" ಎಂದ ರಾಜ.

ಗುರಿಗೆ, ಗುರಿಗೆ ಎಂದು ಸಭೆ ಪಿಸುಗುಟ್ಟಿತು.

"ಕೊಕ್ಕರೆ."

"ಕೆರೆ ಕೆರೆಯಲ್ಲೂ ಕಾಣುವುದು ಅಪರೂಪವೇನೋ?"

"ಗುರಿಗೆ ಬೀಜ ಉದುರಿಸಿ ಸಾಯುತ್ತೆ ಬುದ್ಧಿ, ಕಾದರೆ ಬರುತ್ತೆ. ಕೊಕ್ಕರೆ ಬರೋದು ನಂಬಿಕೆ ಮೇಲೆ. ತವರಲ್ಲಿ ಒಂದ್ಸಲ ಕೊಡಲಿ ಕಂಡರೆ, ಎಷ್ಟು ಕಾದರೂ ಬರಲ್ಲ."

ರಾಜ ಬಾಗಿಲ ಕಡೆ ನೋಡಿದ. ಅವನು ಹೊಸಿಲಿಂದಲೇ ಹಿಂದಕ್ಕೆ ಕಳಿಸಿದ್ದ ಒಬ್ಬಳೇ ಮಗಳು ಮತ್ತೆ ಬಂದಿರಲಿಲ್ಲ.

"ಗೆದ್ದೆ. ಏನು ಬೇಕು?"

"ಹುಣಸೆ ತೋಪು, ಬುದ್ಧಿ. ಈಗಲೇ."

ಸವಾರ ಕುದುರೆ ಓಡಿಸಿದ. ಸಂಜೆ ಮರಳಿದವನು ಗಂಗನ ಕಡೆ ನೋಡದೆ ರಾಜನಿಗೆ ಹೇಳಿದ: "ತೋಪು ಉಳಿಯಿತು, ಪ್ರಭು. ಒಂದೇ ಮರ ಹೋಯಿತು. ಕೊಡಲಿ ಏಟಿಗೆ ಉದುರಿದ ಮರಿ ಆಯಲು ಒಬ್ಬಾಕೆ ಬುಡಕ್ಕೆ ಹೋಗಿದ್ದಳು. ಮರ ಅವಳ ಮೇಲೆ ವಾಲಿದ್ದು ಸುತ್ತ ನಿಂತ ಊರಿಗೆಲ್ಲ ಕಂಡಿತ್ತು. ಕೈ ಬೀಸಿದರು. ಗೂಡಿನ ಕೆಳಗೆ ದನಿ ಎತ್ತಿ ಅವರಿಗೆ ಅಭ್ಯಾಸವಿಲ್ಲ. ಯಾರೂ ಕೂಗಲಿಲ್ಲ."

"ಯಾರವಳು?"

ಸವಾರ ತಂದಿದ್ದ ಮೀನುಬುಟ್ಟಿಯನ್ನು ನೆಲಕ್ಕಿಟ್ಟ. ಒಳಗೆ ಎರಡು ಮರಿ ಬಾಯಿ ತೆರೆದು ಕೂಗುತ್ತಿದ್ದವು.

ಬುಟ್ಟಿಯ ಹಿಡಿಗೆ ಸುತ್ತಿದ್ದ ಹಳೇ ಸೀರೆಯ ಅಂಚನ್ನು ಗಂಗ ನೋಡಿದ. ಅವ್ವನದು.