ತಿರಕವ್ವನ ಹಬ್ಬದ ಚಸ್ಮಾ

ತಿರಕವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಫಕೀರ. ಮೈಕಟ್ಟಿನಲ್ಲಿ ಎತ್ತಿನಂಥವನು. ತಾಯಿಯ ಮಾತನ್ನು ಒಂದು ದಿನವೂ ಮೀರಿದವನಲ್ಲ. ಅವಳ ಗೋಳೆಲ್ಲ ಅದೇ! "ಹಾಲು ಉಕ್ಕತೈತಿ, ನೋಡ್ಕೊಂಡು ಕುಂದ್ರು" ಎಂದರೆ, ಹಾಲು ಉಕ್ಕಿ, ಒಲೆ ಆರಿ, ಬೂದಿ ತಣ್ಣಗಾಗುವ ತನಕ ನೋಡಿಕೊಂಡೇ ಕೂರುವವನು.

ದೀಪಾವಳಿ ಪಾಡ್ಯಕ್ಕೆ ನಾಲ್ಕು ದಿನ ಇತ್ತು. ಮಗಳು ನೀಲವ್ವ ಚೊಚ್ಚಲ ಕೂಸನ್ನು ಎತ್ತಿಕೊಂಡು ಪಾಡ್ಯದ ದಿನ ಬರುವವಳಿದ್ದಳು. ತೊಟ್ಟಿಲಿಗೆ ತವರಿನ ಕೌದಿ ಹೋಗಲೇಬೇಕು, ಇಲ್ಲದಿದ್ದರೆ ಬೀಗಿತ್ತಿಯ ಬಾಯಿಗೆ ಬೀಳಬೇಕು. ಹಳೆಯ ಸೀರೆಗಳ ಚೂರು ಜೋಡಿಸಿ ತಿರಕವ್ವ ಅರ್ಧ ಹೊಲಿದಿದ್ದಳು. ಆಮೇಲೆ ಸೂಜಿಯ ಕಣ್ಣೇ ಕಾಣದಾಯಿತು! ದಾರದ ತುದಿ ನೆಕ್ಕಿ ನೆಕ್ಕಿ ನಾಲಗೆ ಒಣಗಿತು.

"ಯವ್ವಾ, ಹಬ್ಬಕ್ಕ ನಿನಗೇನು ತರಲಿ?" ಎಂದ ಫಕೀರ.

"ಸೀರಿ ಬ್ಯಾಡ, ಬಳಿ ಬ್ಯಾಡ. ಕಣ್ಣಿಗೊಂದು ಚಸ್ಮಾ ತಂದುಕೊಡೋ ನನ್ನಪ್ಪಾ!"

ಪೇಟೆಗೆ ಓಡಿದ. ತಂದ. ತಿರಕವ್ವ ಹಾಕಿಕೊಂಡಳು.

"ಅಯ್ಯಯ್ಯ! ಹಾಡಹಗಲಾಗ ದೀಪಾ ಹಚ್ಚಬೇಕಾತಲ್ಲೋ! ಕರೇ ಚಸ್ಮಾ ಯಾಕ ತಂದ್ಯೋ?"

"ಚಸ್ಮಾ ತಾ ಅಂದಿ, ತಂದೆ. ಬಣ್ಣಾ ಹೇಳಿದ್ಯಾ?"

"ಖೋಡಿ! ಅಡ್ಡ ಏನೂ ಬರಬಾರದು, ಆಚೀಕಡೆ ಇರೋದೆಲ್ಲಾ ನಿಚ್ಚಳ ಕಾಣಬೇಕು. ಅಂಥಾದ್ದು ತಾ!"

"ಹಂಗs ಆಗ್ಲಿ ಯವ್ವಾ!"

ಮರುದಿನ ಮತ್ತೆ ಪೇಟೆ. ಅಂಗಡಿಯಲ್ಲಿದ್ದ ಚಸ್ಮಾಗಳನ್ನೆಲ್ಲ ಮೂಸಿ ನೋಡುವಷ್ಟು ಹತ್ತಿರದಿಂದ ಪರೀಕ್ಷಿಸಿ ಒಂದನ್ನು ಆರಿಸಿ ತಂದ. ತಿರಕವ್ವ ಹಾಕಿಕೊಂಡು ಕಣ್ಣು ತುರಿಸಲು ಹೋದಳು. ಬೆರಳು ನೆಟ್ಟಗೆ ಕಣ್ಣಿಗೇ ತಾಗಿತು!

"ಎಲಾ ಇವನ! ಇದರಾಗ ಗಾಜs ಇಲ್ಲಲ್ಲೋ!"

"ಗಾಜು ಅಡ್ಡ ಬರತಿತ್ತು. ಅದಕ್ಕs ಬರೇ ಕಟ್ಟು ತಂದೆ. ನಿಚ್ಚಳ ಕಾಣತೈತಿಲ್ಲೋ?"

"ನಿನ್ನ ಹಡೆದ ಹೊಟ್ಟಿಗೆ ಏನನ್ಲಿ! ಗಾಜು ಇರಬೇಕೋ, ಗಾಜು! ಸಣ್ಣದೆಲ್ಲಾ ದೊಡ್ಡದಾಗಿ ಕಾಣೋ ಗಾಜು!"

"ಹಂಗs ಆಗ್ಲಿ ಯವ್ವಾ!"

ಮೂರನೆಯ ದಿನ ಸಂಜೆ ಎರಡೂ ಕೈಯಲ್ಲಿ ಅವುಚಿಕೊಂಡು ತಂದ. ಏನದು? ಗುಂಡನೆಯ ಗಾಜಿನ ಭರಣಿ. ತುಂಬ ಲಿಂಬೆ ಉಪ್ಪಿನಕಾಯಿ!

"ನೋಡು ಯವ್ವಾ, ಗಾಜೂ ಐತಿ. ಒಳಗಿನ ಲಿಂಬಿ ಎಷ್ಟು ದೊಡ್ಡದು ಕಾಣತೈತಿ, ತೆಂಗಿನಕಾಯಿಯಂಗ!"

"ಇದನ್ನ ಕಿವಿಗೆ ಸಿಗಿಸ್ಕೊಳ್ಳೋದು ಹೆಂಗೋ ಹುಚ್ಚಾ! ನೀಲವ್ವ ನಾಡಿದ್ದು ಬರತಾಳ. ಇನ್ನ ಅರ್ಧ ಕೌದಿ ಉಳದೈತಿ!" ತಿರಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಡೀ ಮಾತು, ಕೇಳು. ಅಂಗಡ್ಯಾಗ ನನ್ನ ವಾರಿಗಿ ಮುದುಕಿ ಯಾರರ ಇದ್ರ ಆಕಿ ಮೂಗಿಗೆ ಏರಿಸು. ಸೂಜಿಗೆ ದಾರಾ ಪೋಣಿಸು ಅನ್ನು. ಪೋಣಿಸಿದಳೋ, ಕರಾರುವಾಕ್ಕು ಹಂಗs ಮನೀಗೆ ತಾ. ಏನೂ ಬದಲ ಮಾಡಬ್ಯಾಡ!"

"ಹಂಗs ಆಗ್ಲಿ ಯವ್ವಾ!"

ನಾಲ್ಕನೆಯ ದಿನ ಫಕೀರ ಬಂದ. ಹಿಂದೆಯೇ ಒಬ್ಬಳು ಮುದುಕಿ. ಮೂಗಿನ ಮೇಲೆ ಚಸ್ಮಾ, ಕೈಯಲ್ಲಿ ದಾರ ಪೋಣಿಸಿದ ಸೂಜಿ, ಬಾಯಲ್ಲಿ ಬೈಗುಳ.

"ಇವ ನಿನ್ನ ಮಗಾ ಏನs ತಂಗಿ? ನನ್ನ ರಟ್ಟಿ ಹಿಡದು ಎರಡು ಹರದಾರಿ ನಡಸ್ಯಾನ! ಚಸ್ಮಾ ತಗದು ಕೊಡತೀನಿ ಅಂದ್ರ, ಬದಲ ಮಾಡಬ್ಯಾಡ, ಯವ್ವ ಬೈತಾಳ ಅಂತಾನ!"

ತಿರಕವ್ವ ಹಣೆ ಚಚ್ಚಿಕೊಂಡಳು. ಮುದುಕಿಗೆ ಕೈಮುಗಿದು, ಚಹಾ ಕೊಟ್ಟು, ಚಕ್ಕಡಿ ಹತ್ತಿಸಿ ಕಳಿಸಿದಳು. ಆದರೆ ಅವಳ ಮೂಗಿನಿಂದ ಇಳಿಸಿಕೊಂಡ ಚಸ್ಮಾ ಹಾಕಿಕೊಂಡು ನೋಡುತ್ತಾಳೆ, ಅಬ್ಬಾ! ಸೂಜಿಯ ಕಣ್ಣು ಹೆಬ್ಬಾಗಿಲಿನಂತೆ ಕಂಡಿತು. ಕೂತವಳು ಏಳಲಿಲ್ಲ. ಹೊಲಿದಳು, ಹೊಲಿದಳು, ಹೊಲಿದಳು.

ಪಾಡ್ಯದ ಬೆಳಗ್ಗೆ ಒಂದೇ ಮೂಲೆ ಉಳಿಯಿತು. ಸೂಜಿಯ ದಾರವೂ ಮುಗಿಯಿತು. ಕೌದಿಯ ಕೊನೆಯ ಮೂಲೆಯಲ್ಲಿ ಒಂದು ತುತ್ತು ಹೋಳಿಗೆ ಇಟ್ಟು ಮುಚ್ಚುವುದು ಅವರ ಮನೆಯ ಪದ್ಧತಿ. ಹಸಿದ ಕೌದಿ ಹೊದ್ದ ಕೂಸು ಹಸಿದೇ ಇರುತ್ತದಂತೆ. ತಿರಕವ್ವ ಹೋಳಿಗೆ ಬೇಯಿಸಲು ಎದ್ದಳು. ಒಲೆಯ ಹಬೆಗೆ ಚಸ್ಮಾ ಮಸುಕಾಯಿತು.

"ಫಕೀರಾ, ಇದನ್ನ ಎಲ್ಲ್ಯರ ಮೆತ್ತನ್ನ ಜಾಗಾದಾಗ ಇಡು. ಬೀಳಬಾರದು, ಒಬ್ಬರ ಕೈಗೂ ಸಿಗಬಾರದು!"

"ಹಂಗs ಆಗ್ಲಿ ಯವ್ವಾ!"

ತುತ್ತು ಹಿಡಿದು ಬಂದು ತಡವುತ್ತಾಳೆ, ಮೂಲೆ ಮುಚ್ಚಿಹೋಗಿದೆ!

"ಚಸ್ಮಾ ಎಲ್ಲೋ?"

"ಕೌದಿ ಒಳಗ. ಮನ್ಯಾಗ ಅದಕ್ಕಿಂತ ಮೆತ್ತನ್ನ ಜಾಗಾ ಯಾವುದೈತಿ? ಬೀಳಬಾರದು ಅಂದಿ, ಒತ್ತೊತ್ತಾಗಿ ಹೊಲದೀನಿ!"

"ಅಯ್ಯೋ ಶಿವನೇ! ಹೊಲಗಿ ಬಿಚ್ಚೋಣ ಅಂದ್ರ ಕಣ್ಣು ಕಾಣಂಗಿಲ್ಲ, ಕಣ್ಣು ಕಾಣಲಿ ಅಂದ್ರ ಹೊಲಗಿ ಬಿಚ್ಚಬೇಕು!"

ಅಂಗಳದಲ್ಲಿ ನೀಲವ್ವನ ದನಿ ಕೇಳಿತು. ತಿರಕವ್ವ ಗಡಬಡಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಇರುವೆ ಸಾಲಿನಂಥ ಸಣ್ಣ ಹೊಲಿಗೆ! ಬೆರಳು ಅಲ್ಲೇ ನಿಂತಿತು.

"ಲೇ, ಸೂಜಿಗೆ ದಾರಾ ಯಾರು ಪೋಣಿಸಿದ್ರು?"

"ನಾನs. ಒಂದs ಸಲಕ್ಕ ಹೋತು!"

"ನಿನಗ ದಾರಾ ಪೋಣಸಾಕ ಬರತೈತೇನೋ?"

"ಬರತೈತಲ್ಲ!"

"ಮತ್ತ ನಾಲ್ಕು ದಿನದಿಂದ ನಾ ಬಡಕೊಳ್ಳಾಕ ಹತ್ತೀನಿ, ಒಂದು ಮಾತು ಹೇಳಬಾರದೇನೋ?"

ಫಕೀರ ತಲೆ ಕೆರೆದುಕೊಂಡ.

"ನೀ ಚಸ್ಮಾ ತಾ ಅಂದಿ ಯವ್ವಾ. ದಾರಾ ಪೋಣಿಸು ಅಂತ ಅಂಗಡ್ಯಾಗಿನ ಮುದುಕಿಗೆ ಹೇಳು ಅಂದಿ. ನನಗೆಲ್ಲಿ ಹೇಳಿದಿ?"

ತಿರಕವ್ವ ಕೌದಿಯ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡುಬಿಟ್ಟಳು.